ಚಂದ್ರಿಯ ಧೈವತ

ನನಗೆ ಬೆಳಗಿನ ರಾಗ ಒಂದೂ ಬರುವುದಿಲ್ಲ ಎಂದು ನಾಮದೇವ ಬುವಾ ಹೇಳಿದ ದಿನ ನಾನು ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ ಮನೆಗೆ ಬಂದೆ. ಆ ನಮಸ್ಕಾರವನ್ನು ಹಿಂದಕ್ಕೆ ಪಡೆಯುವ ದಾರಿ ಏನಾದರೂ ಇದ್ದರೆ ಹೇಳಿ, ಇವತ್ತೇ ಹೋಗಿ ಪಡೆದುಕೊಂಡು ಬರುತ್ತೇನೆ.

ಬುವಾ ಅಂದರೆ ನಮ್ಮ ಸದಲಗಾದ ಸಂಗೀತದ ಗುರುಗಳು. ಗಡಿಯ ಈ ಊರುಗಳಲ್ಲಿ ಹಾಡುವ ಹಿರಿಯರನ್ನು ಹಾಗೇ ಕರೆಯುವುದು. ಎಪ್ಪತ್ತು ದಾಟಿದವರು, ಮಿರಜಿನಲ್ಲಿ ತಮ್ಮ ಗುರುಗಳ ಮನೆಯಲ್ಲಿ ಹನ್ನೆರಡು ವರ್ಷ ನೀರು ಹೊತ್ತು ಕಲಿತವರು. ಅವರ ಮನೆಯ ಪಡಸಾಲೆಯಲ್ಲಿ ದಿನಕ್ಕೆ ಎರಡು ತಂಡ ಕೂರುತ್ತವೆ, ಬೆಳಿಗ್ಗೆ ಐದೂವರೆಗೆ ಒಂದು, ಸಂಜೆ ಏಳಕ್ಕೆ ಒಂದು. ಬೆಳಗಿನ ತಂಡಕ್ಕೆ ಬೆಳಗಿನ ರಾಗ, ಸಂಜೆಯ ತಂಡಕ್ಕೆ ಸಂಜೆಯ ರಾಗ. ಇದರಲ್ಲಿ ಬುವಾ ಒಂದು ಕೂದಲೆಳೆಯಷ್ಟೂ ಅತ್ತಿತ್ತ ಸರಿಯುವವರಲ್ಲ.

"ರಾಗಕ್ಕ ಅದರದ ಹೊತ್ತ ಇರತೈತಿ," ಅನ್ನುತ್ತಿದ್ದರು. "ಹೊತ್ತ ಬಂತಂದ್ರ ರಾಗ ತಾನ ಬಂದು ಗಂಟಲದಾಗ ಕುಂದರತೈತಿ. ಹೊತ್ತಲ್ಲದ ಹೊತ್ತಿನ್ಯಾಗ ಕರದ್ರ ಮುನಿಸ್ಕೊತೈತಿ."

ಸಂಜೆಯ ಹೊತ್ತಿನಲ್ಲಿ ಬೆಳಗಿನ ರಾಗದ ಹೆಸರನ್ನೂ ಅವರು ಬಾಯಿಗೆ ತರುತ್ತಿರಲಿಲ್ಲ. ನಮ್ಮಲ್ಲಿ ಯಾರಾದರೂ ಮರೆತು ಭೈರವ ಎಂದರೆ ಸಾಕು, ಕಿವಿ ಮುಟ್ಟಿಕೊಂಡು ತಪ್ಪಾಯಿತು ಅನ್ನಬೇಕಿತ್ತು.

ಕೇಳಲು ಬಲು ಚೆಂದ. ಆದರೆ ಬೆಳಿಗ್ಗೆ ಐದೂವರೆಗೆ ಸ್ನಾನ ಮುಗಿಸಿ, ತಲೆ ಬಾಚಿ, ತಂಬೂರಿಯ ಮುಂದೆ ಯಾರು ಬಂದು ಕೂರಬಲ್ಲರು? ಮನೆಯ ಎಮ್ಮೆಯನ್ನು ಬೇರೆ ಯಾರೋ ಹಿಂಡುತ್ತಿದ್ದರೆ ಅವರು ಕೂರಬಲ್ಲರು. ಸಂಜೆಯ ತಂಡದಲ್ಲಿದ್ದ ನಾವು ಏಳೂ ಜನ ಹಿಂಡುವ ಮನೆಯವರು. ಡೇರಿಯ ಗಾಡಿ ಆರೂಕಾಲಿಗೆ ಬರುತ್ತದೆ, ಆರೂವರೆಗೆ ಹೊರಟು ಹೋಗುತ್ತದೆ. ಅದು ರಾಗದ ಹಾಗಲ್ಲ, ಹೊತ್ತು ತಪ್ಪಿದರೆ ನಿಜವಾಗಿಯೂ ಮುನಿಸಿಕೊಳ್ಳುತ್ತದೆ.

ನಮ್ಮಪ್ಪ ಮಾಳಸಿದ್ದ ವರ್ಷದಲ್ಲಿ ಏಳು ತಿಂಗಳು ಕುರಿ ಹೊಡೆದುಕೊಂಡು ಕೊಲ್ಲಾಪುರದ ಆಚೆ ಇರುತ್ತಾನೆ. ಅವ್ವ ಲಗಮವ್ವನ ಬಲಗೈಯ ಎರಡು ಬೆರಳು ಮೇವು ಕತ್ತರಿಸುವ ಯಂತ್ರಕ್ಕೆ ಹೋಗಿ ಒಂಬತ್ತು ವರ್ಷವಾಯಿತು. ಹಾಗಾಗಿ ನಾಲ್ಕೂ ಎಮ್ಮೆ ನನ್ನ ಪಾಲು. ಅವುಗಳಲ್ಲಿ ಚಂದ್ರಿ ಎಂಬುವವಳೊಬ್ಬಳು, ಹಣೆಯ ಮೇಲೆ ಬಿಳಿ ಚುಕ್ಕೆಯವಳು. ಎರಡು ಎಮ್ಮೆಯ ಹಾಲು ಒಬ್ಬಳೇ ಕೊಡುತ್ತಾಳೆ, ನಾಲ್ಕು ಎಮ್ಮೆಯ ಸೊಕ್ಕೂ ಅವಳೊಬ್ಬಳಲ್ಲೇ ಇದೆ. ಹಾಡದಿದ್ದರೆ ಅವಳು ಹಾಲು ಇಳಿಸುವುದಿಲ್ಲ. ಮೊದಲು ನಾನು ಅವ್ವ ಕಲಿಸಿದ ಹಾಲುಮತದ ಹಾಡು ಹಾಡಿ ಹಿಂಡುತ್ತಿದ್ದೆ, ಆಮೇಲೆ ನನಗೆ ಬರುತ್ತಿದ್ದ ಭೂಪ ಹಾಡತೊಡಗಿದೆ. ಭೂಪ ನಮಗೆ ಬುವಾ ಮೊದಲು ಕಲಿಸಿದ ಸಂಜೆಯ ರಾಗ. ಐದೇ ಸ್ವರ, ಸಾ ರೇ ಗ ಪ ಧ. ಅದರಲ್ಲಿ ಗಂಧಾರದ ಮೇಲೆ ನಿಂತುಕೊಳ್ಳಬೇಕು, ಅದೇ ಆ ರಾಗದ ಮನೆ.

ಕೊಟ್ಟಿಗೆಯಲ್ಲಿ ಅದು ನಡೆಯಲಿಲ್ಲ. ಗಂಧಾರದ ಮೇಲೆ ನಿಂತರೆ ಚಂದ್ರಿ ಕಾಲು ಎತ್ತುತ್ತಿದ್ದಳು. ಮೇಲೆ ಹೋಗಿ ಧೈವತದ ಮೇಲೆ ನಿಂತು, ಅದನ್ನು ಉದ್ದಕ್ಕೆ ಎಳೆದರೆ ಕಿವಿ ಹಿಂದಕ್ಕೆ ಬಿಟ್ಟು, ಮೆಲುಕು ಹಾಕುತ್ತಾ ಹಾಲು ಇಳಿಸುತ್ತಿದ್ದಳು. ರಿಷಭದಲ್ಲಿ ತಡೆದರೆ ಬಾಲದಿಂದ ಮುಖಕ್ಕೆ ಬಾರಿಸುತ್ತಿದ್ದಳು, ಅದಕ್ಕೆ ರಿಷಭವನ್ನು ಮುಟ್ಟಿದೆನೋ ಇಲ್ಲವೋ ಅನ್ನುವಂತೆ ದಾಟಿಬಿಡುತ್ತಿದ್ದೆ. ಹೀಗೆ ಮೂರು ವರ್ಷ, ದಿನಾ ನಸುಕಿನಲ್ಲಿ ಮುಕ್ಕಾಲು ಗಂಟೆ. ಬೇರೆ ಮನೆಗಳಲ್ಲಿ ರಾಗದ ಮುಖ್ಯ ಸ್ವರ ಯಾವುದೆಂದು ಗುರುಗಳು ಹೇಳುತ್ತಾರೆ, ನಮ್ಮ ಮನೆಯಲ್ಲಿ ಎಮ್ಮೆ ಹೇಳಿತು.

ಅಭ್ಯಾಸವಾದ ಗಂಟಲು ಸಂಜೆಯಲ್ಲೂ ಅಲ್ಲಿಗೇ ಓಡುತ್ತಿತ್ತು. ಭೂಪ ಹಾಡಲು ಕೂತರೆ ನಾಲ್ಕನೆಯ ಸಾಲಿಗೆ ಬುವಾ ತೊಡೆ ತಟ್ಟಿ ನಿಲ್ಲಿಸುತ್ತಿದ್ದರು.

"ಮತ್ತ ಧೈವತ! ಭೂಪದ ಕುತ್ತಿಗಿ ಹಿಚಕಾಕತ್ತಿಯಲ್ಲ ಹುಡುಗಿ. ಗಂಧಾರಕ್ಕ ಇಳಿ. ತಪ್ಪು, ತಪ್ಪು, ಮೊದಲಿಂದ ಹಾಡು."

ಎಲ್ಲರ ಮುಂದೆ ನೂರು ಸಲ ಗಂಧಾರ ಹಚ್ಚಿಸಿದರು. ಒಮ್ಮೆ ಒಂದು ತಿಂಗಳು ಭೂಪ ಹಾಡಬಾರದು ಎಂದು ನನ್ನನ್ನು ಮೂಲೆಗೆ ಕೂರಿಸಿ ತಂಬೂರಿ ಮೀಟಲು ಹಚ್ಚಿದರು. ನಾನು ಅಳುತ್ತಾ ಮೀಟಿದೆ. ನನ್ನ ಗಂಟಲೇ ಕೆಟ್ಟದ್ದು, ಸಗಣಿ ವಾಸನೆಯ ಗಂಟಲು, ಅದಕ್ಕೆ ಸಂಗೀತ ಹೇಗೆ ಹತ್ತೀತು ಎಂದುಕೊಂಡೆ. ಹಾಗೆ ಅಂದುಕೊಂಡ ನನ್ನ ಮೇಲೂ ನನಗೆ ಈಗ ಸಿಟ್ಟಿದೆ.

ಮೊಬೈಲು ಇರಲಿಲ್ಲವೇ, ಬೆಳಗಿನ ರಾಗಗಳನ್ನು ಅದರಲ್ಲಿ ಕೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಇತ್ತು. ಆದರೆ ಆರು ವರ್ಷದ ಹಿಂದೆ ಕೈಗೆ ದಾರ ಕಟ್ಟಿ ಶಿಷ್ಯಳನ್ನಾಗಿ ಮಾಡಿಕೊಂಡ ದಿನ ಬುವಾ ನನ್ನ ತಲೆಯ ಮೇಲೆ ಕೈ ಇಟ್ಟು, ತಮ್ಮ ಬಾಯಿಂದ ಬಂದದ್ದನ್ನು ಬಿಟ್ಟು ಬೇರೆ ಯಾರ ಸಂಗೀತವನ್ನೂ ಕೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡಿದ್ದರು. ಬೆಳಗಿನ ತಂಡದವರೂ ಅದೇ ಆಣೆ ಮಾಡಿ, ಅದೇ ದಿನದಿಂದ ಮೊಬೈಲಿನಲ್ಲಿ ಎಲ್ಲವನ್ನೂ ಕೇಳಿಕೊಂಡಿದ್ದರು. ಆಣೆಯನ್ನು ನಿಜವೆಂದು ನಂಬಿದ ಹುಚ್ಚರು ನಾವು ಸಂಜೆಯವರು. ನಗುವುದಿದ್ದರೆ ನಗಿ.

ಈ ಸಲ ನಾನು ವಿಶಾರದ ಪರೀಕ್ಷೆಗೆ ಕೂರಬೇಕಿತ್ತು. ಚಿಕ್ಕೋಡಿಯ ಒಂದು ಖಾಸಗಿ ಶಾಲೆಯವರು ನನ್ನ ಹಾಡು ಕೇಳಿ, ವಿಶಾರದ ಆಗಿದ್ದರೆ ಜೂನ್ ತಿಂಗಳಿಂದ ಸಂಗೀತದ ಟೀಚರ್ ಆಗಿ ಬಾ ಎಂದಿದ್ದರು. ಇಪ್ಪತ್ತನಾಲ್ಕು ವರ್ಷದವಳು ನಾನು. ನನ್ನ ಹೆಸರಿನ ಹಿಂದೆ ಟೀಚರ್ ಎಂದು ಯಾರಾದರೂ ಸೇರಿಸಿ ಕರೆಯುತ್ತಾರೆ ಅನ್ನುವುದೇ ನನಗೆ ಆ ಒಂದು ತಿಂಗಳು ನಿದ್ದೆ ಬರದಂತೆ ಮಾಡಿತ್ತು. ಪರೀಕ್ಷೆಯ ಫಾರ್ಮಿನಲ್ಲಿ ಹತ್ತು ಸಾಲು, ಒಂದೊಂದು ಸಾಲಿಗೆ ಒಂದು ರಾಗ, ಪ್ರತಿಯೊಂದರ ಮುಂದೆ 'ನನ್ನಲ್ಲಿ ಕಲಿತಿರುತ್ತಾರೆ' ಎಂದು ಗುರುವಿನ ಸಹಿ. ಹತ್ತರಲ್ಲಿ ಒಂದಾದರೂ ಬೆಳಗಿನ ರಾಗ ಇರಲೇಬೇಕು. ಬುವಾ ಒಂಬತ್ತು ಸಾಲಿಗೆ ಸಹಿ ಮಾಡಿದರು. ಹತ್ತನೆಯದಕ್ಕೆ ಬಂದಾಗ ಪೆನ್ನಿಗೆ ಮುಚ್ಚಳ ಹಾಕಿದರು.

"ನಿನಗ ಬೆಳಗಿನ ರಾಗ ಒಂದೂ ಬರೂದಿಲ್ಲವಾ. ಸುಳ್ಳ ಹೆಂಗ ಬರೀಲಿ?"

"ನೀವ ಕಲಸ್ರಿ ಬುವಾ, ಫಾರ್ಮ್ ಕಳಸಾಕ ಇನ್ನೂ ಮೂರ ದಿನ ಅದಾವು."

"ಮುಂಜಾನಿ ಬಾ. ಕಲಸ್ತೀನಿ."

ಮುಂಜಾನೆ ಬರಲಾರೆ ಎಂದು ಅವರಿಗೆ ಗೊತ್ತು. ಅವರಿಗೆ ಗೊತ್ತಿದೆ ಎಂದು ನನಗೂ ಗೊತ್ತು. ಆದರೂ ನಮಸ್ಕಾರ ಮಾಡಿ ಬಂದೆ.

ಇದೇ ಮಾತನ್ನು ಎರಡು ವರ್ಷದ ಹಿಂದೆ ಅವರು ಅನುಸೂಯಾಗೂ ಹೇಳಿದ್ದರು. ಅನುಸೂಯಾ ನಮ್ಮ ಓಣಿಯವಳು, ಸಂಜೆಯ ತಂಡದಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ನನಗಿಂತ ನಾಲ್ಕು ಪಟ್ಟು ಚೆನ್ನಾಗಿ ಹಾಡುತ್ತಿದ್ದಳು. ಅವಳು ಯಮನ್ ಎತ್ತಿಕೊಂಡರೆ ಬುವಾ ಕೂಡ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸುತ್ತಿದ್ದರು. ಅವಳ ಫಾರ್ಮಿನಲ್ಲೂ ಅದೇ ಹತ್ತನೆಯ ಸಾಲು ಖಾಲಿ ಉಳಿಯಿತು. ಅವಳು ಫಾರ್ಮನ್ನು ನಾಲ್ಕು ಮಡಿಕೆ ಮಾಡಿ, ಸಡಿಲವಾಗಿದ್ದ ಹಾಲಿನ ಕ್ಯಾನಿನ ಮುಚ್ಚಳಕ್ಕೆ ಬಿಗಿಯಾಗಿ ತುರುಕಿ, "ನೋಡವಾ, ಸೋರೂದು ನಿಂತಿತು," ಎಂದು ನಕ್ಕಳು. ಆ ಬೇಸಿಗೆಯಲ್ಲೇ ಮುಗಳಖೋಡಕ್ಕೆ ಮದುವೆಯಾಗಿ ಹೋದಳು. ಆಗ ನಾನು ಬುವಾ ಹೇಳಿದ್ದೇ ಸರಿ ಎಂದುಕೊಂಡು ಸುಮ್ಮನಿದ್ದೆ.

ನಮಸ್ಕಾರ ಮಾಡಿ ಬಂದ ಮರುದಿನ ಮಧ್ಯಾಹ್ನ ಎಮ್ಮೆಗೆ ಹಿಂಡಿ ತರಲು ಸಮ್ಮೇದನ ಅಂಗಡಿಗೆ ಹೋದೆ. ಸಮ್ಮೇದ ಬೆಳಗಿನ ತಂಡದ ಹುಡುಗ, ನನಗಿಂತ ಎರಡು ವರ್ಷ ಚಿಕ್ಕವನು. ಜೈನರ ಮನೆ, ಪೇಟೆಯಲ್ಲಿ ಅವರದು ಪಶು ಆಹಾರದ ದೊಡ್ಡ ಅಂಗಡಿ. ಅವನೂ ಈ ಸಲ ಪರೀಕ್ಷೆಗೆ ಕೂರುವವನಿದ್ದ.

"ಅಕ್ಕಾ, ಫಾರ್ಮ್ ಕಳಿಸಿದ್ಯಾ?" ಎಂದು ಕೇಳಿದ.

"ಎಲ್ಲಿಂದ ಕಳಸಲೋ. ಬೆಳಗಿನ ರಾಗ ಬರೂದಿಲ್ಲಂತ ಬುವಾ ಸಹಿ ಹಾಕಲಿಲ್ಲ."

ಸಮ್ಮೇದ ತೂಕದ ಕಲ್ಲು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದ.

"ಬರೂದಿಲ್ಲಂದ್ರ? ದಿನಾ ಮುಂಜಾನಿ ಕೊಟ್ಟಿಗ್ಯಾಗ ದೇಶಕಾರ ಹಾಡತೀಯಲ್ಲ, ಅದು ಏನ ಮತ್ತ?"

"ಅದು ಭೂಪ. ಅದೂ ಕೆಟ್ಟ ಭೂಪ."

"ಭೂಪ ಅಲ್ಲಕ್ಕಾ. ಸ್ವರ ಅವ ಐದ, ಖರೆ. ಆದ್ರ ಗಂಧಾರದ ಮ್ಯಾಲ ನಿಂತ್ರ ಭೂಪ, ಸಂಜೀದು. ಧೈವತದ ಮ್ಯಾಲ ನಿಂತ್ರ ದೇಶಕಾರ, ಮುಂಜಾನಿದು. ನಿಂದು ಶುದ್ಧ ದೇಶಕಾರ ಐತಿ."

ನನಗೆ ಮೊದಲು ಅವನು ಚೇಷ್ಟೆ ಮಾಡುತ್ತಿದ್ದಾನೆ ಅನ್ನಿಸಿತು. ಆಮೇಲೆ ಅವನು ಹೇಳಿದ್ದನ್ನು ಕೇಳಿ ಹಿಂಡಿಯ ಚೀಲದ ಮೇಲೆಯೇ ಕೂತುಬಿಟ್ಟೆ.

"ಬುವಾಗೂ ಗೊತ್ತೈತಲ್ಲ. ದಿನಾ ಕ್ಲಾಸಿಗಿಂತ ಮೊದಲ ವಾಕಿಂಗ್ ಹೊಂಟಾಗ ನಿಮ್ಮ ಕೊಟ್ಟಿಗಿ ಗ್ವಾಡಿ ಹಂತ್ಯಾಕ ನಿಂದರತಾರ. ಹತ್ತ ಮಿನಿಟ್ ನಿಂದರತಾರ. ನಾ ಸ್ಕೂಟಿ ಮ್ಯಾಲ ಬಂದ್ರ, ಗಾಡಿ ಬಂದ್ ಮಾಡು ಅಂತ ಕೈ ತೋರಸ್ತಾರ. ನಮ್ಮ ದೇಶಕಾರದಾಗ ಒಂದು ಜಾಗಾ ಐತಲ್ಲ, ಪಂಚಮದಿಂದ ಎದ್ದು ಧೈವತಕ್ಕ ಹೋಗಿ ತಡೀತಾರಲ್ಲ, ಅದನ್ನ ಹೋದ ವರ್ಷ ನಿಮ್ಮ ಗ್ವಾಡಿ ಹಂತ್ಯಾಕ ನಿಂತ ಬಂದ ದಿನಾನ ಅವರು ನಮಗ ಹೇಳಿಕೊಟ್ರು. ನಿನಗ ಹೇಳ್ಯಾರಂತ ತಿಳಿದಿದ್ನಿ ನಾ."

ಅವನ ಗಲ್ಲಾಪೆಟ್ಟಿಗೆಯ ಮೇಲೆ ಅವನ ಫಾರ್ಮು ಇತ್ತು. ತೋರಿಸು ಎಂದೆ. ಏಳನೆಯ ಸಾಲಿನಲ್ಲಿ ದೇಶಕಾರ, ಅದರ ಮುಂದೆ ಬುವಾ ಅವರ ಗುಂಡು ಗುಂಡನೆಯ ಸಹಿ.  ಸಂಜೆ ನನ್ನನ್ನು ಮೂಲೆಗೆ ಕೂರಿಸಿ ತಪ್ಪು ತಪ್ಪು ಅಂದ ಬಾಯಿ, ಬೆಳಿಗ್ಗೆ ಅದೇ ತಪ್ಪನ್ನು ಗೋಡೆಯ ಈಚೆಯಿಂದ ಹೆಕ್ಕಿಕೊಂಡು ಹೋಗಿ ಇನ್ನೊಬ್ಬರಿಗೆ ಹಂಚಿ ಬಂದಿತ್ತು. ಹಿಂಡಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಅವ್ವ ಬೈದಳು. ಬೈಸಿಕೊಂಡದ್ದೂ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಎದ್ದು ಕೊಟ್ಟಿಗೆಗೆ ಹೋದೆ, ಸಗಣಿ ಬಳಿದೆ, ಮೇವು ಹಾಕಿದೆ. ಹಿಂಡಲಿಲ್ಲ. ತುಂಬಿದ ಕೆಚ್ಚಲು ಹೊತ್ತು ಚಂದ್ರಿ ನನ್ನನ್ನೇ ನೋಡುತ್ತಿದ್ದಳು. ಕೈಕಾಲು ಸಹ ತೊಳೆಯದೆ, ಫಾರ್ಮನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬುವಾ ಮನೆಗೆ ನಡೆದೆ. ಅವರ ಮನೆ ನಮ್ಮ ಹಿಂದಿನ ಓಣಿಯಲ್ಲೇ. ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ನಮ್ಮ ಎಮ್ಮೆಗಳು ಕೂಗಲು ಶುರು ಮಾಡಿದ್ದವು.

ಪಡಸಾಲೆಯಲ್ಲಿ ನಾಲ್ವರು ಕೂತಿದ್ದರು. ಸಮ್ಮೇದ, ಕಾಲೇಜಿಗೆ ಹೋಗುವ ಪೂನಮ, ಇನ್ನಿಬ್ಬರು. ಊದುಬತ್ತಿಯ ವಾಸನೆ. ಬೆಳಗಿನ ತಂಡವನ್ನು ನಾನು ನೋಡಿದ್ದು ಅದೇ ಮೊದಲು. ಸಂಜೆ ನಮಗೆ ಹಾಸುತ್ತಿದ್ದ ಹರಿದ ಜಮಖಾನೆಯಲ್ಲ, ಬೇರೆ ಒಳ್ಳೆಯ ಜಮಖಾನೆ ಹಾಸಿತ್ತು. ಇಷ್ಟು ದಿನ ಅದನ್ನು ಎಲ್ಲಿ ಸುತ್ತಿ ಇಡುತ್ತಿದ್ದರೋ.

"ಯಾಕ ಸುಜಾತಾ?" ಎಂದರು ಬುವಾ. "ಎಮ್ಮಿ ಹಿಂಡಲಿಲ್ಲೇನು?"

"ಮುಂಜಾನಿ ಬಾ ಅಂದಿದ್ರಲ್ಲ, ಬಂದೀನ್ರಿ. ಭೂಪ ಹಾಡತೀನಿ. ತಪ್ಪ ಎಲ್ಲೈತಿ ಹೇಳ್ರಿ."

"ಮುಂಜಾನಿ ಭೂಪ ಹಾಡಬಾರದು ಹುಡುಗಿ."

"ನಾ ಮೂರ ವರ್ಷ ಹಾಡೀನ್ರಿ. ನೀವೂ ಕೇಳೀರಿ."

ಅವರ ಒಪ್ಪಿಗೆಗೆ ಕಾಯದೆ ಹಾಡಿದೆ. ಜಮಖಾನೆಯ ಅಂಚಿನಲ್ಲಿ, ಸಗಣಿಯ ಕೈಯನ್ನು ಮಡಿಲಿನಲ್ಲಿ ಇಟ್ಟುಕೊಂಡು, ಚಂದ್ರಿ ಕಲಿಸಿದ ಹಾಗೆಯೇ ಹಾಡಿದೆ. ಸಿಟ್ಟಿನಲ್ಲಿ ಗಂಟಲು ಮೊದಲು ಒಡೆಯಿತು, ಆಮೇಲೆ ಸರಿಹೋಯಿತು. ಧೈವತಕ್ಕೆ ಹೋಗಿ ನಿಂತಾಗ ಓಣಿಯ ಆಚೆಯಿಂದ ಚಂದ್ರಿಯ ಕೂಗು ಬಂತು. ಅವಳಿಗೆ ಕೇಳಿಸಿತ್ತು.

"ಅಯ್ಯ, ನಮ್ಮ ದೇಶಕಾರ!" ಎಂದಳು ಪೂನಮ. ಪಾಪ, ಅವಳಿಗೇನು ಗೊತ್ತು. ಅವಳು ಖುಷಿಯಿಂದಲೇ ಹೇಳಿದ್ದು. ಆದರೆ ಆ 'ನಮ್ಮ' ಅನ್ನುವುದು ನನಗೆ ಮುಳ್ಳಿನ ಹಾಗೆ ಚುಚ್ಚಿತು.

"ಯಾರದಂತ ನೀವ ಹೇಳ್ರಿ ಬುವಾ," ಎಂದೆ. "ಇದರ ಹೆಸರ ಏನ್ರಿ?"

ಬುವಾ ತಂಬೂರಿಯ ತಂತಿಗಳ ಮೇಲೆ ಅಂಗೈ ಇಟ್ಟು ನಾದ ನಿಲ್ಲಿಸಿದರು.

"ದೇಶಕಾರ," ಎಂದರು.

"ಚಲೋ ಐತೇನ್ರಿ?"

"ಚಲೋ ಐತಿ. ಭಾಳ ಚಲೋ ಐತಿ."

"ಮತ್ತ ಮೂರ ವರ್ಷ ಯಾಕ ತಪ್ಪ ಅಂದ್ರಿ? ಎಲ್ಲಾರ ಮುಂದ ನನ್ನ ಮೂಲ್ಯಾಗ ಯಾಕ ಕುಂದರಿಸಿದ್ರಿ?"

"ಸಂಜಿ ಹಾಡಿದ್ರ ಅದು ತಪ್ಪನ, ಸುಜಾತಾ. ಸಂಜಿ ಅದರ ಹೆಸರ ತಗೊಳ್ಳಾಕ ಬರೂದಿಲ್ಲ ನನಗ. ಮತ್ತ…" ಅವರ ಧ್ವನಿ ಇಳಿಯಿತು. "ಹೆಸರ ಹೇಳಿದ್ರ ಕೆಡತೈತಿ ಅನಸ್ತು. ಯಾರೂ ಕಲಸಲಾರದ ಬಂದಿತ್ತು ಅದು. ಐವತ್ತ ವರ್ಷದಾಗ ಅಂಥಾ ಧೈವತ ನಾ ಕೇಳಿಲ್ಲ. ಇದು ದೇಶಕಾರ, ಹಿಂಗ ಹಾಡು ಅಂತ ಹೇಳಿದ್ನಿ ಅಂದ್ರ ನೀ ದೇಶಕಾರ ಹಾಡಾಕ ಸುರು ಮಾಡ್ತಿದ್ದಿ. ಅದು ಹೋಗಿಬಿಡತಿತ್ತು."

ಈ ಮಾತನ್ನು ಅವರು ಮೂರು ವರ್ಷದ ಹಿಂದೆ ಹೇಳಿದ್ದರೆ ನಾನು ಅವರ ಪಾದದ ಧೂಳು ಹಣೆಗೆ ಹಚ್ಚಿಕೊಳ್ಳುತ್ತಿದ್ದೆ. ಈಗ ಸಿಟ್ಟು ಇಮ್ಮಡಿಯಾಯಿತು.

"ಫಾರ್ಮಿಗೆ ಸಹಿ ಹಾಕೂ ಮುಂದೂ ಹೇಳಲಿಲ್ಲಲ್ರಿ. ನನಗ ಬೆಳಗಿನ ರಾಗ ಒಂದೂ ಬರೂದಿಲ್ಲಂದ್ರಿ. ಅದು ಸುಳ್ಳ ಅಂತ ನಿಮಗ ಗೊತ್ತಿತ್ತು."

"ನನ್ನಲ್ಲಿ ಕಲಿತಿರುತ್ತಾರೆ ಅಂತ ಬರದೈತಿ ಅಲ್ಲಿ. ನಾ ಕಲಸಲಾರದ ರಾಗಕ್ಕ ನಾ ಹೆಂಗ ಸಹಿ ಹಾಕಲಿ?"

"ಸಮ್ಮೇದಗ ಹೆಂಗ ಹಾಕಿದ್ರಿ?" ಎಂದೆ. "ಆ ಧೈವತದ ಜಾಗಾ ಯಾರದ್ರಿ? ನನ್ನ ಗ್ವಾಡಿ ಹಂತ್ಯಾಕ ನಿಂತು ನೀವು ಕಲ್ತ್ರಿ, ಬಂದು ಇವರಿಗೆ ಕಲಿಸಿದ್ರಿ. ಹಂಗಿದ್ರ ಸಮ್ಮೇದನ ಫಾರ್ಮಿಗೆ ನಾ ಸಹಿ ಹಾಕಬೇಕ್ರಿ. ನಿಮ್ಮದಕ್ಕೂ ನಾನ ಹಾಕಬೇಕು."

ಗುರುವಿಗೆ ಹೀಗೆ ಯಾರೂ ಮಾತಾಡುವುದಿಲ್ಲ. ಪೂನಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಸಮ್ಮೇದ ತಲೆ ಕೆಳಗೆ ಹಾಕಿ, ಆದರೆ ಎಲ್ಲರಿಗೂ ಕೇಳುವಂತೆ, "ಅಕ್ಕ ಹೇಳೂದು ಖರೆ ಐತ್ರಿ ಬುವಾ," ಎಂದ. ಆ ಒಂದು ಮಾತಿಗಾಗಿ ಅವನ ಅಂಗಡಿಯಲ್ಲಿ ಹಿಂಡಿ ತುಟ್ಟಿಯಾದರೂ ನಾನು ಬೇರೆ ಕಡೆ ಹೋಗುವುದಿಲ್ಲ.

ಅಷ್ಟರಲ್ಲಿ ನಾಲ್ಕೂ ಎಮ್ಮೆ ಒಟ್ಟಿಗೆ ಕೂಗುತ್ತಿದ್ದವು. ಅವ್ವ ಅಲ್ಲಿಂದ ನನ್ನ ಹೆಸರು ಹಿಡಿದು ಕರೆಯುತ್ತಿದ್ದಳು. ಬೆಳಗಿನ ತಂಡದವರು ಆ ಕೂಗನ್ನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲಿರಬೇಕು. ಬುವಾ ಸ್ವಲ್ಪ ಹೊತ್ತು ಅದನ್ನು ಕೇಳುತ್ತಾ ಕೂತರು. ಆಮೇಲೆ ಕೈ ಚಾಚಿದರು. ಫಾರ್ಮು ಕೊಟ್ಟೆ. ನನ್ನ ಬೆರಳಿನ ಸಗಣಿ ಅದರ ಮೂಲೆಗೆ ಅಂಟಿತ್ತು. ಅವರು ಒರೆಸಲಿಲ್ಲ. ಹತ್ತನೆಯ ಸಾಲಿನಲ್ಲಿ ದೇಶಕಾರ ಎಂದು ಬರೆದು ಸಹಿ ಮಾಡಿದರು. ತೆಗೆದುಕೊಂಡು ಓಡಿದೆ. ಆ ದಿನ ಡೇರಿಯ ಗಾಡಿ ತಪ್ಪಿತು. ಹಾಲನ್ನೆಲ್ಲ ಮನೆಯಲ್ಲೇ ಕಾಯಿಸಿ ಹೆಪ್ಪು ಹಾಕಿದೆವು, ಮೂರು ದಿನ ನಮ್ಮ ಓಣಿಯಲ್ಲಿ ಎಲ್ಲರಿಗೂ ಮಜ್ಜಿಗೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಹೆಸರು ಗೊತ್ತಾದ ಮೇಲೆ ಕೊಟ್ಟಿಗೆಯಲ್ಲಿ ನಾನು ದೇಶಕಾರ ಹಾಡತೊಡಗಿದೆ. ಸಮ್ಮೇದನ ಮೊಬೈಲಿನಲ್ಲಿ ಅದನ್ನು ಕೇಳಿಯೂ ಕೇಳಿದೆ. ಧೈವತ ಸರಿಯಾಗಿ ನಿಂತಿದೆಯೇ, ರಿಷಭ ಜಾಸ್ತಿಯಾಯಿತೇ ಎಂದು ಯೋಚಿಸುತ್ತಾ ಹಾಡಿದೆ. ಚಂದ್ರಿ ನಾಲ್ಕು ದಿನ ಕಾಲು ಎತ್ತಿದಳು. ಈಗ ಹಾಲು ಇಳಿಸುತ್ತಾಳೆ, ಆದರೆ ಮೊದಲಿನ ಹಾಗೆ ಕಿವಿ ಹಿಂದಕ್ಕೆ ಬಿಡುವುದಿಲ್ಲ. ಬುವಾ ಹೇಳಿದ್ದರಲ್ಲಿ ಸ್ವಲ್ಪ ನಿಜವಿತ್ತು. ಅದಕ್ಕಾಗಿ ಅವರ ಮೇಲೆ ನನ್ನ ಸಿಟ್ಟು ಕಮ್ಮಿಯಾಗಿಲ್ಲ, ಜಾಸ್ತಿಯಾಗಿದೆ. ಅವರಿಗೆ ಬೇಕಾದ ಧೈವತ ಕೆಡಬಾರದು ಎಂದು ನಾನು ಜೀವನವಿಡೀ ಕೊಟ್ಟಿಗೆಯಲ್ಲಿ ತಪ್ಪು ಹಾಡುವವಳಾಗಿಯೇ ಉಳಿಯಬೇಕಿತ್ತೇ?

ಪರೀಕ್ಷೆ ನಿಪ್ಪಾಣಿಯಲ್ಲಿ ನಡೆಯಿತು. ಹಾಡುವವರಿಗೆ ಪೇಟಿಯ, ಅಂದರೆ ಹಾರ್ಮೋನಿಯಂನ, ಸಾಥ್ ಅವರವರ ಗುರುಗಳದೇ, ಹಾಗಾಗಿ ಬುವಾ ಜೊತೆಗೆ ಬಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದವರು ಸಂಜೆಯವರೆಗೆ ಕೂರಿಸಿದರು. ಸಮ್ಮೇದನದು ಹನ್ನೆರಡಕ್ಕೆ ಮುಗಿದು ಅವನು ಅಂಗಡಿಗೆ ಹೋದ. ನನ್ನ ಸರದಿ ಬಂದಾಗ ನಾಲ್ಕು ದಾಟಿತ್ತು. ಹೊರಗೆ ಬಿಸಿಲು ಹಳದಿಯಾಗಿತ್ತು. ಪರೀಕ್ಷಕರು ಬೆಳಗಾವಿ ಕಡೆಯ ಒಬ್ಬ ಮೇಡಂ, ಟೇಬಲ್ಲಿನ ಮೇಲೆ ಅರ್ಧ ಕುಡಿದ ಚಹಾ. ನನ್ನ ಫಾರ್ಮಿನ ಮೇಲೆ ಬೆರಳು ಓಡಿಸಿ ಕೊನೆಯ ಸಾಲಿಗೆ ನಿಲ್ಲಿಸಿದರು.

"ದೇಶಕಾರ ಹಾಡಿ," ಎಂದರು.

ನಾನು ಗಡಿಯಾರ ನೋಡಿದೆ. "ಬೆಳಗಿನ ರಾಗ ಐತ್ರಿ ಮೇಡಂ. ಈಗ ಹಾಡಬಹುದ್ರಿ?"

"ಪರೀಕ್ಷೆ ಅಲ್ಲವೇನಮ್ಮಾ? ಹತ್ತು ಗಂಟೆಯಿಂದ ನಲವತ್ತು ಜನ. ಹೊತ್ತು ನೋಡುತ್ತಾ ಕೂತರೆ ಎಲ್ಲರನ್ನೂ ಬೆಳಿಗ್ಗೆಯೇ ಕೂರಿಸಬೇಕಾಗುತ್ತದೆ. ಎಲ್ಲಾ ಕಡೆಯೂ ಹೀಗೇ ನಡೆಯುವುದು. ನಿಮ್ಮ ಗುರುಗಳಿಗೆ ಗೊತ್ತು."

ನಿಮ್ಮ ಗುರುಗಳಿಗೆ ಗೊತ್ತು! ನಾನು ಬುವಾ ಕಡೆ ತಿರುಗಿದೆ. ಅವರು ಪೇಟಿಯ ಮೇಲೆ ಬೆರಳು ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ನಲವತ್ತು ವರ್ಷದಿಂದ ಪ್ರತಿ ವರ್ಷ ಇಲ್ಲಿಗೆ ಬಂದು, ಹೊತ್ತಲ್ಲದ ಹೊತ್ತಿನಲ್ಲಿ ಭೈರವ, ತೋಡಿ, ದೇಶಕಾರ ಎಲ್ಲಕ್ಕೂ ಇದೇ ಬೆರಳಿನಿಂದ ಪೇಟಿ ಬಾರಿಸಿದ್ದರು. ಇಲ್ಲಿ ಮುನಿಸಿಕೊಳ್ಳದ ರಾಗ ಸಂಜೆ ಏಳಕ್ಕೆ ನಮ್ಮ ಏಳು ಜನರ ಮುಂದೆ ಮಾತ್ರ ಮುನಿಸಿಕೊಳ್ಳುತ್ತಿತ್ತು. ಹರಿದ ಜಮಖಾನೆಯ ಮೇಲೆ ಮಾತ್ರ.

"ಹಾಡು," ಎಂದರು ಬುವಾ, ತಲೆ ಎತ್ತದೆ. "ನಾ ಹಿಂದ ಬರತೀನಿ."

ಹಾಡಿದೆ. ಅವರು ನಿಜವಾಗಿ ಹಿಂದೆಯೇ ಬಂದರು. ನಾನು ಎಲ್ಲಿ ತಡೆಯುತ್ತೇನೆ, ಎಲ್ಲಿ ಏರುತ್ತೇನೆ ಎಂದು ಅವರಿಗೆ ಮೊದಲೇ ತಿಳಿದಿತ್ತು. ಮೂರು ವರ್ಷ ಗೋಡೆಯ ಆಚೆ ನಿಂತು ಕೇಳಿದವರಲ್ಲವೇ? ಮುಗಿದಾಗ ಮೇಡಂ ಪೆನ್ನು ಕೆಳಗಿಟ್ಟು, "ಈ ಧೈವತ ಎಲ್ಲಿ ಕಲಿತಿರಿ?" ಎಂದು ಕೇಳಿದರು.

"ಮನ್ಯಾಗ್ರಿ," ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳಿದ್ದರೆ ಅಲ್ಲೇ ಜಗಳವಾಗುತ್ತಿತ್ತು.

ಪಾಸಾದೆ ಎಂದು ಅಲ್ಲೇ ಗೊತ್ತಾಯಿತು. ಐದೂವರೆಯ ಬಸ್ಸಿಗೆ ಹತ್ತಿದೆವು.  ಬೇಡಕಿಹಾಳದ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಆಗ ಬುವಾ ಮಾತು ತೆಗೆದರು.

"ನಾಳಿಂದ ಸಂಜಿ ತಂಡಕ್ಕ ಭೈರವ ಸುರು ಮಾಡೂನು ಅಂತೀನಿ. ಆಮ್ಯಾಲ ತೋಡಿ. ಯಾರ ಫಾರ್ಮೂ ಇನ್ನ ಖಾಲಿ ಉಳೀಬಾರದು. ನೀನೂ ಬಾ, ನಿನ್ನ ಕೈಲೆ ದೇಶಕಾರ ಹೇಳಸೂನು."

ಇದು ಅವರಿಗೆ ಎಷ್ಟು ಕಷ್ಟದ ಮಾತು ಎಂದು ನನಗೆ ಗೊತ್ತು. ನಾನು ಖುಷಿಪಡಬೇಕಿತ್ತು, ಬಹುಶಃ ಕಣ್ಣೀರು ಸಹ ಹಾಕಬೇಕಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಕ್ಯಾನಿನ ಮುಚ್ಚಳದಲ್ಲಿ ಸಿಕ್ಕಿಕೊಂಡಿದ್ದ ನಾಲ್ಕು ಮಡಿಕೆಯ ಕಾಗದ. ಒಂದು ಬಸ್ಸಿನ ದಾರಿಯಲ್ಲಿ ಮುರಿಯಬಹುದಾದ ನಿಯಮವನ್ನು ಎರಡು ವರ್ಷದ ಹಿಂದೆ ಮುರಿಯಬಹುದಿತ್ತಲ್ಲ.

"ಅನುಸೂಯಾಗ ಯಾರ ಹೇಳತಾರ್ರಿ ಇದನ್ನ?" ಎಂದೆ.

ಬುವಾ ನನ್ನ ಕಡೆ ನೋಡಿದರು.

"ಆಕಿನೂ ದಿನಾ ಹಿಂಡೂ ಮುಂದ ಹಾಡತಿದ್ಳ್ರಿ. ನಮ್ಮ ಗ್ವಾಡಿ ಹಂತ್ಯಾಕ ಅಷ್ಟ ನಿಂತ್ರಿ ನೀವು, ಆಕಿ ಗ್ವಾಡಿ ಹಂತ್ಯಾಕ ನಿಂದರಲಿಲ್ಲ. ಆಕಿ ಕೊಟ್ಟಿಗ್ಯಾಗ ಯಾ ರಾಗ ಹುಟ್ಟಿತ್ತೋ ಏನೋ."

ಮೊಬೈಲು ತೆಗೆದು ಅವಳ ನಂಬರಿಗೆ ಹಚ್ಚಿ, ಸ್ಪೀಕರ್ ಮಾಡಿ, ಅವರ ಕೈಗೆ ಕೊಟ್ಟೆ. "ನೀವ ಹೇಳ್ರಿ," ಎಂದೆ.

ಬುವಾ ಎರಡೂ ಕೈಯಲ್ಲಿ ಮೊಬೈಲು ಹಿಡಿದುಕೊಂಡು ಕೂತರು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಅವಳ ದನಿ ಬಂತು. ಹಿಂದೆ ಪಾತ್ರೆಗೆ ಹಾಲಿನ ಸರಸರ ಸದ್ದು.

"ಯಾರ್ರಿ?"

"ನಾ, ನಾಮದೇವ ಬುವಾ. ಅನುಸೂಯಾ, ನಿನ್ನ ಜೋಡಿ ಸ್ವಲ್ಪ ಮಾತಾಡೂದಿತ್ತವಾ. ನಾ ನಿನಗ…"

"ಬುವಾನವರ? ನಮಸ್ಕಾರ್ರಿ. ಹಿಂಡಾಕತ್ತೀನ್ರಿ, ಮೊಬೈಲು ಹೆಗಲ ಮ್ಯಾಲ ಹಿಡಕೊಂಡ ಕುಂತೀನಿ, ಬೀಳತೈತಿ. ಡೇರಿಗೆ ವ್ಯಾಳ್ಯಾ ಆತು. ಆಮ್ಯಾಲ ಮಾಡ್ರಿ."

ಕಟ್ ಆಯಿತು.  ಸದಲಗಾದ ಸೇತುವೆ ದಾಟಿ, ನಾವು ಇಳಿಯಲು ಎದ್ದಾಗ ಬುವಾ ನನ್ನ ಮೊಬೈಲನ್ನು ಹಿಂದಕ್ಕೆ ಕೊಟ್ಟರು.

"ಎಷ್ಟೊತ್ತಿಗೆ ಮಾಡಿದ್ರ ಆಕೀಗೆ ಚಲೋ ಆಗತೈತಿ?" ಎಂದು ಕೇಳಿದರು.

ಆರು ವರ್ಷದಲ್ಲಿ ಅವರು ನಮ್ಮ ಹೊತ್ತು ಯಾವುದೆಂದು ಕೇಳಿದ್ದು ಅದೇ ಮೊದಲು. ಅನುಸೂಯಾಳನ್ನೇ ಕೇಳಿ ಹೇಳುತ್ತೇನೆ ಎಂದೆ.